ಖಾನಾವಳಿ ನಡೆಸುವವರು ಊಟ ಬಿಟ್ಟಾಗ: ಹೊಟ್ಟೆ ಹುಣ್ಣು ಮತ್ತು ಮನೋಚಿಕಿತ್ಸೆಯ ಒಂದು ಪ್ರಕರಣ

ಹೊಟ್ಟೆ ಹುಣ್ಣು ಎಂದು ತಿಳಿದ ಕೂಡಲೇ ನಮ್ಮಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: ಟೆನ್ಷನ್ ಮಾಡಿಕೊಳ್ಳಬೇಡಿ. ನೆಂಟರು ಹೇಳುತ್ತಾರೆ, ಔಷಧದಂಗಡಿಯವರು ಹೇಳುತ್ತಾರೆ, ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ವೈದ್ಯರೂ ಹೇಳಿಬಿಡುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳಿಸಿಕೊಂಡವರಿಗೆ ಅದರಿಂದ ಸಿಗುವುದು ಎರಡೇ: ಈ ರೋಗವನ್ನು ನಾನೇ ತಂದುಕೊಂಡೆ ಎಂಬ ಅಪರಾಧಿ ಭಾವ, ಮತ್ತು ನನ್ನ ನೋವನ್ನು ಯಾರೂ ನಂಬುತ್ತಿಲ್ಲ ಎಂಬ ಸಿಟ್ಟು. ಮನೋಚಿಕಿತ್ಸೆ ಎಂದರೆ ಈ ಸಲಹೆಯನ್ನೇ ಗಂಟೆಗಟ್ಟಲೆ ಕೂತು ಹೇಳುವುದು ಎಂದು ತಿಳಿದವರೂ ಇದ್ದಾರೆ. ಹಾಗಲ್ಲ ಎಂದು ತೋರಿಸಲು ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ.

ಇದು ಯಾವುದೇ ಒಬ್ಬ ವ್ಯಕ್ತಿಯ ಕಡತವಲ್ಲ. ಇಂಥ ತೊಂದರೆ ಹೊತ್ತು ಬರುವವರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಬ್ಬರ ಮೇಲೆ ಹೊಂದಿಸಿ ಕಟ್ಟಿದ ಪ್ರಕರಣ. ಊರು, ಕಸುಬು, ಮನೆಯ ವಿವರಗಳಿಂದ ಯಾರನ್ನೂ ಗುರುತಿಸಲಾಗದು. ಅವರನ್ನು ಇಲ್ಲಿ ಅಕ್ಕ ಎಂದಷ್ಟೇ ಕರೆಯುತ್ತೇನೆ.

ರೋಗದ ಹಿನ್ನೆಲೆ

ಅಕ್ಕನಿಗೆ 47 ವರ್ಷ. ಹುಬ್ಬಳ್ಳಿಯ ಮಾರುಕಟ್ಟೆಯ ಹಿಂದಿನ ಓಣಿಯೊಂದರಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಾರೆ. ಗಂಡ ತೀರಿಕೊಂಡ ಮೇಲೆ ಶುರುವಾದ ದುಡಿಮೆ. ಬೆಳಗಿನ ಐದಕ್ಕೆ ಒಲೆ ಹೊತ್ತಿಸಿದರೆ ಮಧ್ಯಾಹ್ನದ ಗಿರಾಕಿಗಳು ಎದ್ದು ಹೋಗುವವರೆಗೆ ಕೂರಲು ಬಿಡುವಿಲ್ಲ. ಅವರ ಸ್ವಂತ ಊಟ ನಾಲ್ಕು ಗಂಟೆಗೆ. ಅಷ್ಟರಲ್ಲಿ ನಾಲ್ಕೈದು ಲೋಟ ಚಹಾ ಆಗಿರುತ್ತದೆ. ಸೋಮವಾರ ಉಪವಾಸ. ವರ್ಷಗಟ್ಟಲೆ ರೊಟ್ಟಿ ಬಡಿದು ಬಲಭುಜ ಹಿಡಿದುಕೊಂಡಿದೆ, ನಿಂತು ನಿಂತು ಮಂಡಿ ಸವೆದಿದೆ. ಅದಕ್ಕೆ ಬೆಳಿಗ್ಗೆ ಒಂದು, ರಾತ್ರಿ ಒಂದು ನೋವಿನ ಗುಳಿಗೆ. ಓಣಿಯ ತುದಿಯ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಡೈಕ್ಲೊಫೆನಾಕ್, ಅದೂ ಖಾಲಿ ಹೊಟ್ಟೆಗೆ.

ಮಳೆಗಾಲದ ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದಾಗ ಕಣ್ಣು ಕತ್ತಲೆ ಬಂದು ಬಿದ್ದರು. ಎರಡು ದಿನದಿಂದ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಹಿಮೋಗ್ಲೋಬಿನ್ 6.8 ಗ್ರಾಂ. ಎರಡು ಬಾಟಲಿ ರಕ್ತ ಕೊಟ್ಟರು. ಬಾಯಿಯ ಮೂಲಕ ಕ್ಯಾಮೆರಾದ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ಜಠರದ ಕೆಳಭಾಗದಲ್ಲಿ ಒಂದೂವರೆ ಸೆಂಟಿಮೀಟರ್ ಅಗಲದ ಹುಣ್ಣು ಕಂಡಿತು. ಪರೀಕ್ಷೆಗೆಂದು (ಬಯಾಪ್ಸಿ) ಅದರ ಅಂಚಿನಿಂದ ತೆಗೆದ ಚೂರುಗಳಲ್ಲಿ ಕ್ಯಾನ್ಸರ್ ಇರಲಿಲ್ಲ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇತ್ತು.

ಜಠರದ ಮತ್ತು ಸಣ್ಣಕರುಳಿನ ಆರಂಭದ ಹುಣ್ಣುಗಳಲ್ಲಿ ಬಹುಪಾಲಿಗೆ ಕಾರಣ ಈ ಎರಡೇ: ಈ ಬ್ಯಾಕ್ಟೀರಿಯಾ ಮತ್ತು ನೋವಿನ ಗುಳಿಗೆ. ಬ್ಯಾಕ್ಟೀರಿಯಾವನ್ನು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅದನ್ನು ಸ್ವತಃ ಕುಡಿದು ಜಠರದ ಉರಿಯೂತ ತಂದುಕೊಂಡರು; 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನೋವಿನ ಗುಳಿಗೆಯ ದಾರಿ ಬೇರೆ. ಜಠರದ ಒಳಪೊರೆಯನ್ನು ಕಾಯುವ ಲೋಳೆಗೂ ಅಲ್ಲಿನ ರಕ್ತಸಂಚಾರಕ್ಕೂ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಬೇಕು. ಗುಳಿಗೆ ಅದರ ಉತ್ಪಾದನೆಯನ್ನೇ ತಡೆಯುತ್ತದೆ. ಅಕ್ಕನಲ್ಲಿ ಎರಡು ಕಾರಣಗಳೂ ಸೇರಿದ್ದವು.

ಆಮ್ಲ ಇಳಿಸುವ ಮಾತ್ರೆ, ಅದರ ಜೊತೆ ಎರಡು ಬಗೆಯ ಆಂಟಿಬಯೋಟಿಕ್ 14 ದಿನ, ರಕ್ತ ತುಂಬಲು ಕಬ್ಬಿಣದ ಮಾತ್ರೆ ಬರೆದು ಮನೆಗೆ ಕಳಿಸಿದರು. ಎಂಟು ವಾರದ ನಂತರ ಮತ್ತೆ ಎಂಡೋಸ್ಕೋಪಿ. ಹುಣ್ಣು ಬಹುತೇಕ ಮಾಗಿತ್ತು. ಬ್ಯಾಕ್ಟೀರಿಯಾ ಮಾತ್ರ ಹಾಗೆಯೇ ಇತ್ತು. ಅದಕ್ಕಿಂತ ವಿಚಿತ್ರವೆಂದರೆ, ಹುಣ್ಣು ಮಾಗುತ್ತಿದ್ದರೂ ರೋಗಿ ಸೊರಗುತ್ತಿದ್ದರು. 54 ಕಿಲೋ ಇದ್ದವರು 46ಕ್ಕೆ ಇಳಿದಿದ್ದರು. ಹಾಲು ಮತ್ತು ರವೆ ಗಂಜಿ ಬಿಟ್ಟರೆ ಬೇರೇನೂ ಬಾಯಿಗಿಡುತ್ತಿರಲಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ಇಷ್ಟಾದ ಮೇಲೆ ಜಠರರೋಗ ತಜ್ಞರು ಅವರನ್ನು ಮನೋಚಿಕಿತ್ಸಕಿಯಾದ ನನ್ನ ಕೊಠಡಿಗೆ ಕಳಿಸಿದರು.

ಮೊದಲ ಮಾತುಕತೆ

"ಮೇಡಂ, ನನಗೆ ತಲೆ ಕೆಟ್ಟಿಲ್ಲ. ಹೊಟ್ಟೆ ನೋಯುತ್ತದೆ. ಇಲ್ಲಿಗೆ ಯಾಕೆ ಕಳಿಸಿದರು?" ಕೂತ ಕೂಡಲೇ ಅವರು ಕೇಳಿದ್ದು ಇದು.

"ಅಕ್ಕಾ, ನಿಮ್ಮ ಹೊಟ್ಟೆಯಲ್ಲಿ ಹುಣ್ಣಿದ್ದದ್ದು ನಿಜ, ಈಗಿನ ನೋವೂ ನಿಜ. ಅದು ಮನಸ್ಸಿನ ಭ್ರಮೆ ಎಂದು ಯಾರೂ ಹೇಳುತ್ತಿಲ್ಲ. ಔಷಧ ಕೆಲಸ ಮಾಡಲು ಏನೇನು ಅಡ್ಡ ಬರುತ್ತಿದೆ ಎಂದು ಇಬ್ಬರೂ ಸೇರಿ ನೋಡೋಣ, ಅಷ್ಟೇ."

ಈ ಉತ್ತರ ಕೇವಲ ಸಮಾಧಾನದ ಮಾತಲ್ಲ. ಹೊಟ್ಟೆ ಹುಣ್ಣಿನವರ ಜೊತೆ ಮನೋಚಿಕಿತ್ಸೆ ನಿಲ್ಲುವುದೋ ಬೀಳುವುದೋ ಎಂಬುದು ಇಲ್ಲಿಯೇ ನಿರ್ಧಾರವಾಗುತ್ತದೆ. ರೋಗಿಯ ನೋವನ್ನು ಮೊದಲು ಒಪ್ಪಬೇಕು. ಒಪ್ಪದೆ ಆಡಿದ ಯಾವ ಮಾತೂ ಒಳಗೆ ಇಳಿಯುವುದಿಲ್ಲ.

ಆಂಟಿಬಯೋಟಿಕ್ ಪೂರ್ತಿ ತೆಗೆದುಕೊಂಡಿದ್ದೀರಾ ಎಂದು ನೇರವಾಗಿ ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಅದರ ಬದಲು, ಆ ಗುಳಿಗೆ ನುಂಗಿದಾಗ ಏನಾಯಿತು ಎಂದು ಕೇಳಿದೆ. ಬಾಯೆಲ್ಲ ಕಹಿಯಾಯಿತಂತೆ, ಹಿತ್ತಾಳೆ ನೆಕ್ಕಿದ ರುಚಿ. ಆ ಎರಡು ಆಂಟಿಬಯೋಟಿಕ್‌ಗಳಲ್ಲಿ ಒಂದಾದ ಕ್ಲಾರಿಥ್ರೊಮೈಸಿನ್ ಮಾತ್ರೆಗೆ ಈ ಗುಣ ಇದ್ದೇ ಇದೆ, ಅದರಿಂದ ಹಾನಿಯಿಲ್ಲ. ಅಕ್ಕನಿಗೆ ಅದನ್ನು ಯಾರೂ ಮುಂಚೆ ಹೇಳಿರಲಿಲ್ಲ. ಗುಳಿಗೆ ಒಳಗಿನ ಹುಣ್ಣನ್ನು ಸುಡುತ್ತಿದೆ, ಆ ವಿಷವೇ ಬಾಯಿಗೆ ಬರುತ್ತಿದೆ ಎಂದು ತಿಳಿದು ಐದನೆಯ ದಿನಕ್ಕೆ ನಿಲ್ಲಿಸಿದ್ದರು.

ನೋವಿನ ಗುಳಿಗೆಯ ವಿಷಯ ಹೊರಬಂದದ್ದು ಹೊಟ್ಟೆಯ ಬಗ್ಗೆ ಕೇಳಿದಾಗಲ್ಲ, ಭುಜದ ಬಗ್ಗೆ ಕೇಳಿದಾಗ. ಆಸ್ಪತ್ರೆಯಲ್ಲಿ ಅದನ್ನು ನಿಲ್ಲಿಸಲು ಹೇಳಿದ್ದರು. ಮನೆಗೆ ಹೋದ ಮೂರನೆಯ ವಾರಕ್ಕೆ ಮತ್ತೆ ಶುರುವಾಗಿತ್ತು. "ಅದು ಔಷಧ ಅಲ್ಲವಲ್ಲ ಮೇಡಂ, ಕೈಗೆ ಶಕ್ತಿ ಬರಲಿ ಎಂದು ತೆಗೆದುಕೊಳ್ಳುವುದು." ಇಡೀ ಪ್ರಕರಣದ ತಿರುಳು ಈ ಎರಡು ಉತ್ತರಗಳಲ್ಲಿತ್ತು. ವಾಸಿ ಮಾಡುವ ಗುಳಿಗೆ ಬಾಯಿ ಕಹಿ ಮಾಡಿತು, ಅದರ ಮೇಲೆ ಭಯ. ಹುಣ್ಣು ಮಾಡುವ ಗುಳಿಗೆ ಅರ್ಧ ಗಂಟೆಯಲ್ಲಿ ಭುಜದ ನೋವು ಇಳಿಸುತ್ತದೆ, ಅದರ ಮೇಲೆ ವಿಶ್ವಾಸ. ಜ್ಞಾನವಿಲ್ಲದ್ದರಿಂದ ಹೀಗಾಯಿತು ಎಂದು ಕೈತೊಳೆದುಕೊಳ್ಳಬಾರದು. ಮೈ ಕೂಡಲೇ ಏನು ಹೇಳುತ್ತದೆಯೋ ಅದನ್ನು ನಂಬುವುದು ಎಲ್ಲರ ಸ್ವಭಾವ, ಓದಿದವರದೂ.

ಮೂರನೆಯ ಎಳೆ ನಿಧಾನವಾಗಿ ಬಂತು. ಅಕ್ಕನ ತಾಯಿ ಹೊಟ್ಟೆನೋವೆಂದು ವರ್ಷಗಟ್ಟಲೆ ಸೋಡಾ ಕುಡಿದು ಕಾಲ ಕಳೆದವರು. ಹೊಟ್ಟೆ ಹುಣ್ಣು ಎಂದೇ ಎಲ್ಲರೂ ಹೇಳುತ್ತಿದ್ದರು. ಕೊನೆಗೆ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ರಕ್ತ ವಾಂತಿ ಮಾಡಿಕೊಂಡು ಹೋದರು. ಹೀಗಾಗಿ ಬಯಾಪ್ಸಿ ವರದಿಯಲ್ಲಿ ಏನೇ ಬರೆದಿರಲಿ, ಅಕ್ಕನ ಮಟ್ಟಿಗೆ ಹೊಟ್ಟೆಯ ಪ್ರತಿ ಚುಚ್ಚೂ ತಾಯಿಯ ದಾರಿಯ ಒಂದೊಂದು ಹೆಜ್ಜೆ. ದಿನವೂ ಮಲವನ್ನು ಮೊಬೈಲ್ ಟಾರ್ಚ್ ಹಾಕಿ ನೋಡುತ್ತಿದ್ದರು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ. ಅದನ್ನು ಕಂಡ ದಿನ ಊಟವೇ ಇಲ್ಲ. ಊಟವಿಲ್ಲದೆ ತಲೆಸುತ್ತು, ತಲೆಸುತ್ತು ಬಂದರೆ ರಕ್ತ ಹೋಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಆತಂಕ ಅಳೆಯುವ ಜಿಎಡಿ-7, ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಗಳೆರಡರಲ್ಲೂ ಮಧ್ಯಮ ಮಟ್ಟದ ಅಂಕ ಬಂತು. ಬದುಕು ಬೇಡವೆನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಮಗಳ ಮದುವೆಯಾಗಬೇಕು, ಹಾಗೆಲ್ಲ ಯೋಚಿಸಿಲ್ಲ ಎಂದರು. ಮನೋವೈದ್ಯರೂ ಒಮ್ಮೆ ನೋಡಿದರು. ಖಿನ್ನತೆ ಮತ್ತು ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಜಠರದ ರಕ್ತಸ್ರಾವದ ಸಂಭವವನ್ನು ಸ್ವಲ್ಪ ಹೆಚ್ಚಿಸುತ್ತವೆ, ನೋವಿನ ಗುಳಿಗೆಯ ಜೊತೆ ಸೇರಿದರೆ ಇನ್ನಷ್ಟು. ಇತ್ತೀಚೆಗೆ ರಕ್ತ ಹೋದವರಿಗೆ ಅದನ್ನು ಆತುರಪಟ್ಟು ಕೊಡುವುದು ಬೇಡ, ಮೊದಲು ಮಾತಿನ ಚಿಕಿತ್ಸೆ ನೋಡೋಣ ಎಂದು ತೀರ್ಮಾನವಾಯಿತು.

ಹಾಲಿನಿಂದ ರೊಟ್ಟಿಗೆ

ಬ್ಯಾಕ್ಟೀರಿಯಾ ಇನ್ನೂ ಇದ್ದುದರಿಂದ ಎರಡನೆಯ ಬಾರಿ ಔಷಧ ಕೊಡಬೇಕಿತ್ತು. ಈ ಸಲ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಮತ್ತು ಆಮ್ಲದ ಮಾತ್ರೆ, ಮತ್ತೆ 14 ದಿನ. ತೊಡಕು ಎಂದರೆ ಟೆಟ್ರಾಸೈಕ್ಲಿನ್ ಹಾಲಿನ ಜೊತೆ ಹೊಟ್ಟೆಗೆ ಹೋದರೆ ಮೈಗೆ ಹತ್ತುವುದಿಲ್ಲ, ಕಬ್ಬಿಣದ ಜೊತೆಗೂ ಹತ್ತುವುದಿಲ್ಲ. ಅಕ್ಕ ಬದುಕಿದ್ದೇ ಹಾಲಿನ ಮೇಲೆ. ಅಂದರೆ ಅವರು ಊಟಕ್ಕೆ ಮರಳದ ಹೊರತು ಔಷಧ ಶುರು ಮಾಡುವುದರಲ್ಲಿ ಅರ್ಥವಿರಲಿಲ್ಲ. ಹುಣ್ಣು ಬಹುತೇಕ ಮಾಗಿದ್ದರಿಂದ ಕೆಲವು ವಾರ ಕಾಯಬಹುದು ಎಂದು ತಜ್ಞರು ಒಪ್ಪಿದರು. ನನ್ನ ಕೆಲಸಕ್ಕೆ ಇಷ್ಟು ಖಚಿತವಾದ ಗುರಿ ಸಿಗುವುದು ಅಪರೂಪ.

ಹಾಲು ಹುಣ್ಣಿಗೆ ಔಷಧ ಎಂಬ ನಂಬಿಕೆ ನಮ್ಮ ಹಳ್ಳಿಯದ್ದಷ್ಟೇ ಅಲ್ಲ. 1915ರಲ್ಲಿ ಶಿಕಾಗೋದ ಬರ್ಟ್ರಾಮ್ ಸಿಪ್ಪಿ ಎಂಬ ವೈದ್ಯ ಹುಣ್ಣಿನವರಿಗೆ ಗಂಟೆಗೊಮ್ಮೆ ಹಾಲು ಮತ್ತು ಕೆನೆ ಕೊಡುವ ಪಥ್ಯವನ್ನು ಪ್ರಚುರಪಡಿಸಿದರು. ದಶಕಗಳ ಕಾಲ ಜಗತ್ತು ಅದನ್ನೇ ಪಾಲಿಸಿತು. ಹಾಲು ಕುಡಿದಾಗ ಕ್ಷಣಕಾಲ ತಂಪೆನಿಸುವುದು ನಿಜ. ಆದರೆ ಅದರಲ್ಲಿನ ಕ್ಯಾಲ್ಸಿಯಂ ಮತ್ತು ಪ್ರೋಟೀನು ಜಠರವನ್ನು ಮತ್ತೆ ಆಮ್ಲ ಸ್ರವಿಸುವಂತೆ ಪ್ರಚೋದಿಸುತ್ತವೆ. ಖಾರದಿಂದ ಹುಣ್ಣಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ. ಕೆಲವರಿಗೆ ಖಾರ ಉರಿ ತರುತ್ತದೆ, ಅಷ್ಟೇ.

ಇದನ್ನೆಲ್ಲ ಹೇಳಿದೆ. ಹೇಳಿದ್ದರಿಂದ ಹೆಚ್ಚೇನೂ ಆಗಲಿಲ್ಲ, ಆಗುತ್ತದೆಂದು ಎಣಿಸಿಯೂ ಇರಲಿಲ್ಲ. ಭಯವನ್ನು ಮಾಹಿತಿ ಗೆಲ್ಲುವುದಿಲ್ಲ. ಕೆಲಸ ಮಾಡಿದ್ದು ಎರಡು ಚಿತ್ರಗಳು. ಎಂಡೋಸ್ಕೋಪಿಯ ಮೊದಲ ಮತ್ತು ಎರಡನೆಯ ಸಲದ ಮುದ್ರಿತ ಚಿತ್ರಗಳನ್ನು ತಜ್ಞರು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದರಲ್ಲಿ ಬಿಳಿಯ ತಳದ ಗುಳಿ, ಅದರ ನಡುವೆ ಕಪ್ಪು ಚುಕ್ಕೆ. ಇನ್ನೊಂದರಲ್ಲಿ ಅದೇ ಜಾಗದಲ್ಲಿ ಗುಲಾಬಿ ಬಣ್ಣದ ಗೆರೆಗಳು ನಡುವಿಗೆ ಸೇರಿಕೊಂಡ ಗಾಯದ ಗುರುತು. ಅಕ್ಕ ಬೆರಳಿಟ್ಟು ಬಹಳ ಹೊತ್ತು ನೋಡಿದರು. "ಇದು ನನ್ನದೇನಾ? ಚರ್ಮ ಬಂದಿದೆಯಲ್ಲ" ಎಂದರು. ಮಗಳ ಮೊಬೈಲಿನಲ್ಲಿ ಎರಡರ ಫೋಟೋ ತೆಗೆಸಿಕೊಂಡರು. ವರದಿಗಳನ್ನು ಕಡತದಲ್ಲಿಟ್ಟು ರೋಗಿಗೆ ತೋರಿಸದಿರುವುದು ಎಂಥ ನಷ್ಟ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಅನಂತರ ಊಟದ ಮೆಟ್ಟಿಲು ಕಟ್ಟಿದೆವು. ಯಾವ ಪದಾರ್ಥಕ್ಕೆ ಎಷ್ಟು ಭಯ ಎಂದು ಅವರೇ ಕ್ರಮ ಹಾಕಿದರು. ತಳದಲ್ಲಿ ಮೆತ್ತಗಿನ ಅನ್ನ ಮತ್ತು ಹೆಸರುಬೇಳೆಯ ಕಟ್ಟು. ಅದರ ಮೇಲೆ ಅನ್ನ–ಸಾರು, ಚಪಾತಿ, ಬಿಸಿ ರೊಟ್ಟಿ ಮತ್ತು ಬೇಳೆ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ತುತ್ತತುದಿಯಲ್ಲಿ ಕೆಂಪು ಮೆಣಸಿನಕಾಯಿಯ ರಂಜಕ. ರಂಜಕ ತಿನ್ನಲೇಬೇಕೆಂದೇನೂ ಇಲ್ಲ ಎಂದೆ. "ಊರಿಗೆಲ್ಲ ಬಡಿಸುತ್ತೇನೆ, ನಾನು ನೆಕ್ಕಬಾರದೇ?" ಎಂದು ಅವರೇ ಪಟ್ಟು ಹಿಡಿದರು.

ಬರವಣಿಗೆಗೆ ಬೇರೆ ಪುಸ್ತಕ ಕೊಡಲಿಲ್ಲ. ಖಾನಾವಳಿಯ ಲೆಕ್ಕದ ವಹಿ ಅವರ ಕೈಗೆ ಒಗ್ಗಿದ್ದು. ಅದರ ಹಿಂದಿನ ಹಾಳೆಗಳಲ್ಲಿ ಮೂರು ಸಾಲು. ತಿನ್ನುವ ಮೊದಲು: ಏನಾಗುತ್ತದೆಂದು ಅನಿಸುತ್ತದೆ. ತಿಂದು ಎರಡು ಗಂಟೆಯ ಮೇಲೆ: ಏನಾಯಿತು. ಮರುದಿನ ಬೆಳಿಗ್ಗೆ: ಏನಾಯಿತು. ಮೊದಲ ರೊಟ್ಟಿಯ ದಿನದ ಹಾಳೆ ಹೀಗಿತ್ತು: "ರಾತ್ರಿ ರಕ್ತ ಹೋಗುತ್ತದೆ." ಎರಡು ಗಂಟೆಯ ಮೇಲೆ: "ಉರಿ ಇದೆ, ನಾಲ್ಕಾಣೆ." ಬೆಳಿಗ್ಗೆ: "ಏನೂ ಇಲ್ಲ." ನೋವನ್ನು ಅವರು ಆಣೆಯ ಲೆಕ್ಕದಲ್ಲೇ ಬರೆದರು, ಹದಿನಾರಾಣೆ ಎಂದರೆ ಆಸ್ಪತ್ರೆಗೆ ಸೇರಿದ ದಿನದ ನೋವು. ನನ್ನ ಹತ್ತರ ಅಳತೆಗಿಂತ ಅದು ಸ್ಪಷ್ಟವಾಗಿತ್ತು, ನಾನೂ ಅದನ್ನೇ ಬಳಸಿದೆ.

ಊಟವಾದ ಮೇಲಿನ ಉರಿ ಒಮ್ಮೆಗೇ ಹೋಗಲಿಲ್ಲ. ಹುಣ್ಣು ಮಾಗಿದ ಮೇಲೂ ಜಠರದ ನರಗಳು ಕೆಲಕಾಲ ಸೂಕ್ಷ್ಮವಾಗಿಯೇ ಇರುತ್ತವೆ, ಸಾಮಾನ್ಯ ಹಿಗ್ಗುವಿಕೆಯನ್ನೂ ನೋವೆಂದು ತಿಳಿಸುತ್ತವೆ. ಅದರತ್ತಲೇ ಗಮನವಿಟ್ಟರೆ ಇನ್ನೂ ಜೋರಾಗುತ್ತದೆ. ಆ ಹೊತ್ತಿಗೆ ನಿಧಾನ ಹೊಟ್ಟೆಯುಸಿರು ಕಲಿಸಿದೆ. ಉಸಿರಾಟದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದೇನಿಲ್ಲ, ಅದು ಸರಳ ಮತ್ತು ಉಪಯುಕ್ತ. ಹಾಲು ದಿನಕ್ಕೆ ರಾತ್ರಿಯ ಒಂದು ಲೋಟಕ್ಕೆ ಇಳಿದಾಗ ತಜ್ಞರು ಎರಡನೆಯ ಔಷಧ ಶುರು ಮಾಡಿದರು. ಆ ಒಂದು ಲೋಟವನ್ನೂ 14 ದಿನ ಬಿಡುವುದೆಂದು ಮಾತಾಯಿತು.

ಕಪ್ಪು ನಾಲಿಗೆ

ಬಿಸ್ಮತ್‌ನಿಂದ ನಾಲಿಗೆಯೂ ಮಲವೂ ಕಪ್ಪಾಗುತ್ತವೆ. ಮಲದ ಬಣ್ಣದಿಂದಲೇ ಸಾವನ್ನು ಅಳೆಯುತ್ತಿದ್ದವರಿಗೆ ಇಂಥ ಔಷಧ ಕೊಟ್ಟು ಸುಮ್ಮನಿದ್ದರೆ ಎರಡನೆಯ ದಿನಕ್ಕೇ ನಿಲ್ಲಿಸುತ್ತಿದ್ದರು. ಆದ್ದರಿಂದ ಔಷಧ ಶುರುವಾಗುವ ಮೊದಲಿನ ಭೇಟಿಯನ್ನು ಪೂರ್ತಿ ಇದಕ್ಕೇ ಮೀಸಲಿಟ್ಟೆವು. ಏನೇನಾಗಬಹುದೆಂದು ವಹಿಯಲ್ಲಿ ಅವರ ಕೈಯಿಂದಲೇ ಬರೆಸಿದೆ: ನಾಲಿಗೆ ಕಪ್ಪಾಗುತ್ತದೆ, ಬಾಯಿ ಕಹಿಯಾಗುತ್ತದೆ, ಹೊಟ್ಟೆ ತೊಳಸಬಹುದು, ಮಲ ಕಪ್ಪಾಗುತ್ತದೆ. ಇವೆಲ್ಲ ಔಷಧ ಒಳಗೆ ಹೋಗಿದೆ ಎಂಬುದರ ಗುರುತು.

ಅದೇ ಹಾಳೆಯ ಕೆಳಗೆ ಗೆರೆ ಎಳೆದು ಇನ್ನೊಂದು ಪಟ್ಟಿ. ಮಲ ಡಾಂಬರಿನಂತೆ ಅಂಟಾಗಿ, ಸಹಿಸಲಾಗದ ದುರ್ವಾಸನೆಯಿದ್ದು, ಜೊತೆಗೆ ಎದ್ದು ನಿಂತರೆ ಕಣ್ಣು ಕತ್ತಲೆ, ತಣ್ಣನೆಯ ಬೆವರು, ಏದುಸಿರು ಬಂದರೆ, ಅಥವಾ ವಾಂತಿಯಲ್ಲಿ ರಕ್ತ ಇಲ್ಲವೇ ಕಾಫಿ ಪುಡಿಯಂಥದ್ದು ಕಂಡರೆ, ಅಥವಾ ಹೊಟ್ಟೆ ಇದ್ದಕ್ಕಿದ್ದಂತೆ ಸೀಳಿದ ಹಾಗೆ ನೋವಾಗಿ ಹಲಗೆಯಂತೆ ಬಿಗಿದರೆ, ಯಾರನ್ನೂ ಕೇಳದೆ ಆಸ್ಪತ್ರೆ. ಮಗಳಿಗೂ ಇದನ್ನು ಓದಿಸಿದೆ. ಆತಂಕದವರಿಗೆ 'ಏನೂ ಆಗುವುದಿಲ್ಲ' ಎಂದು ಭರವಸೆ ಕೊಡುವುದು ಸುಲಭ, ಮತ್ತು ತಪ್ಪು. ಒಮ್ಮೆ ರಕ್ತ ಹೋದವರಿಗೆ ಮತ್ತೆ ಹೋಗಬಹುದು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬ ಗೆರೆಯನ್ನು ಅವರ ಕೈಗೇ ಕೊಡಬೇಕು. ಟಾರ್ಚ್ ಹಿಡಿದು ನೋಡುವುದನ್ನು ಒಮ್ಮೆಗೇ ಬಿಡಿಸಲಿಲ್ಲ. ದಿನಕ್ಕೊಮ್ಮೆ, ಬರಿಗಣ್ಣಿನಿಂದ, ಈ ಹಾಳೆಗೆ ಹೋಲಿಸಿ ಎಂದು ಒಪ್ಪಂದವಾಯಿತು.

ಆರನೆಯ ದಿನ ಅವರಿಂದ ಕರೆ ಬಂತು. "ಮೇಡಂ, ನಾಲಿಗೆ ಕಾವಲಿಯ ಹಾಗೆ ಆಗಿದೆ. ಬರೆದದ್ದು ಬರೆದ ಹಾಗೇ ಆಯಿತು." ದನಿಯಲ್ಲಿ ಗಾಬರಿಯಿರಲಿಲ್ಲ. 14 ದಿನವೂ ಮುಗಿಸಿದರು.

ಗುಣವಾಯಿತೇ ಎಂದು ತಿಳಿಯುವ ಪರೀಕ್ಷೆಯನ್ನು ಆಂಟಿಬಯೋಟಿಕ್ ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ, ಆಮ್ಲದ ಮಾತ್ರೆ ಎರಡು ವಾರ ನಿಲ್ಲಿಸಿ ಮಾಡಬೇಕು. ಇಲ್ಲವಾದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ತೋರಿಸಬಹುದು. ತಿಂಗಳುಗಟ್ಟಲೆ ತೆಗೆದುಕೊಂಡ ಆ ಮಾತ್ರೆ ನಿಲ್ಲಿಸಿದಾಗ ಆಮ್ಲ ಕೆಲವು ದಿನ ಮಾಮೂಲಿಗಿಂತ ಹೆಚ್ಚು ಉಕ್ಕುತ್ತದೆ. ಬಹಳ ಜನ ಇಲ್ಲಿ ಸೋತು ಮಾತ್ರೆಗೆ ಮರಳುತ್ತಾರೆ. ಇದನ್ನೂ ಮುಂಚೆ ಬರೆದುಕೊಂಡಿದ್ದರಿಂದ ಅಕ್ಕ ಆಂಟಾಸಿಡ್ ದ್ರವದ ಮೇಲೆ ಆ ಎರಡು ವಾರ ದಾಟಿದರು. ಮಲದ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ.

ಭುಜ, ಉದ್ರಿ ಮತ್ತು ಸಾಲದ ಸೋಮವಾರ

ನೋವಿನ ಗುಳಿಗೆ ಬಿಡಿ ಎನ್ನುವುದು ಸುಲಭ. ಭುಜ ನೋಯುತ್ತಲೇ ಇದ್ದರೆ ರೊಟ್ಟಿ ಬಡಿಯುವುದು ಹೇಗೆ? ವೈದ್ಯರು ಪ್ಯಾರಸಿಟಮಾಲ್‌ಗೆ ಬದಲಾಯಿಸಿದರು, ಫಿಸಿಯೋಥೆರಪಿಗೆ ಕಳಿಸಿದರು. ಬೆಳಗಿನ ರೊಟ್ಟಿಗೆ ಓಣಿಯ ಹುಡುಗಿಯೊಬ್ಬಳನ್ನು ಕೂಲಿಗೆ ಇಟ್ಟುಕೊಳ್ಳುವ ಮಾತು ಬಂದಾಗ ಹಣದ ಕಥೆ ಹೊರಬಿತ್ತು.

ತಿಂಗಳ ಊಟದವರಲ್ಲಿ ಹಲವರ ಉದ್ರಿ ಬಾಕಿ. ಮೈದುನ ದಿನವೂ ಉಂಡು ಹೋಗುತ್ತಾನೆ, ಗಲ್ಲಾದಿಂದ ಹಣವನ್ನೂ ಒಯ್ಯುತ್ತಾನೆ. ಕಿರುಸಾಲದ ಕಂತಿನವರು ಸೋಮವಾರ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಉಪವಾಸವೂ ಸೋಮವಾರವೇ. ವಹಿಯ ಹಾಳೆಗಳನ್ನು ಒಟ್ಟಿಗೆ ನೋಡಿದಾಗ ಹೊಟ್ಟೆ ಉರಿಯ ಆಣೆಗಳು ಭಾನುವಾರ ರಾತ್ರಿಯಿಂದ ಏರಿ ಮಂಗಳವಾರ ಇಳಿಯುತ್ತಿದ್ದುದು ಅವರಿಗೇ ಕಂಡಿತು. ನಾನು ತೋರಿಸಬೇಕಾಗಲಿಲ್ಲ.

ಹಾಗಾದರೆ ಮನಸ್ಸಿನ ಒತ್ತಡಕ್ಕೂ ಹುಣ್ಣಿಗೂ ಸಂಬಂಧವಿದೆಯೇ? ಇದೆ. 1940–41ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದ ತಿಂಗಳುಗಳಲ್ಲಿ ರಂಧ್ರವಾದ ಹುಣ್ಣಿನೊಂದಿಗೆ ಆಸ್ಪತ್ರೆಗೆ ಬಂದವರು ಹೆಚ್ಚಿದರು. 1995ರ ಕೋಬೆ ಭೂಕಂಪದ ನಂತರ ಜಪಾನಿನಲ್ಲಿ ರಕ್ತ ಸುರಿಯುವ ಜಠರದ ಹುಣ್ಣುಗಳು ಹೆಚ್ಚಿದವು. ಡೆನ್ಮಾರ್ಕಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒತ್ತಡ ಹೆಚ್ಚಿದ್ದ ಗುಂಪಿನಲ್ಲಿ ಹುಣ್ಣು ಸುಮಾರು ಎರಡು ಪಟ್ಟು ಕಂಡಿತು, ಬ್ಯಾಕ್ಟೀರಿಯಾ ಇದ್ದವರಲ್ಲೂ ಇಲ್ಲದವರಲ್ಲೂ. ಭಾರತದಲ್ಲಿ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇದೆ. ಹುಣ್ಣಾಗುವುದು ಅವರಲ್ಲಿ ಕೆಲವರಿಗೆ ಮಾತ್ರ. ಆದರೆ ಒತ್ತಡ ಎಂಬುದು ಗಾಳಿಯಲ್ಲಿ ಬಂದು ಜಠರಕ್ಕೆ ತಗಲುವುದಿಲ್ಲ. ಆಮ್ಲ ಮತ್ತು ರಕ್ತಸಂಚಾರದ ನೇರ ದಾರಿ ಒಂದಾದರೆ, ಬಿಟ್ಟ ಊಟ, ಕೆಟ್ಟ ನಿದ್ರೆ, ತಂಬಾಕು, ನೋವಿನ ಗುಳಿಗೆ, ಅರ್ಧಕ್ಕೆ ನಿಂತ ಔಷಧ ಇನ್ನೊಂದು ದಾರಿ. ಚಿಕಿತ್ಸಕರ ಕೈಗೆ ಹೆಚ್ಚು ನಿಲುಕುವುದು ಈ ಎರಡನೆಯದು.

ಸಾಲವನ್ನು ನಾನು ತೀರಿಸಲಾರೆ. ಬಡತನವನ್ನು ಮನೋರೋಗವೆಂದು ಕರೆಯುವುದು ಅನ್ಯಾಯ. ಕೈಯಲ್ಲಿದ್ದ ಒಂದೆರಡು ಕೆಲಸ ಮಾಡಿದೆವು. ಮೈದುನನಿಗೆ ಹೇಳಬೇಕಾದ ಮಾತನ್ನು ನನ್ನೆದುರು ಹಲವು ಬಾರಿ ಆಡಿ ನೋಡಿದರು. ಮೊದಲು ಅಳು, ಆಮೇಲೆ ಬೈಗುಳ, ಕೊನೆಗೆ ಒಂದೇ ವಾಕ್ಯ: "ಊಟಕ್ಕೆ ಬನ್ನಿ, ಗಲ್ಲಾಕ್ಕೆ ಕೈ ಹಾಕಬೇಡಿ." ಉದ್ರಿಗೆ ಮಿತಿ ಬಂತು. ಕಿರುಸಾಲ ವಸೂಲಿಯಲ್ಲಿ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದ ವಿಷಯ ತಿಳಿಸಿ, ಬೆದರಿಕೆ ಬಂದರೆ ದೂರು ಕೊಡಬಹುದು ಎಂದೆ. ಸೋಮವಾರದ ಉಪವಾಸ ಬಿಡಿ ಎನ್ನಲಿಲ್ಲ. ಅದು ಅವರ ಭಕ್ತಿ, ಮೇಲಾಗಿ ವಾರದಲ್ಲಿ ಅವರು ತಮಗಾಗಿ ಮಾಡುವ ಒಂದೇ ಕೆಲಸ. ಬಾಳೆಹಣ್ಣು, ಮಜ್ಜಿಗೆ, ಸಾಬೂದಾನಿಯ ಫಲಾಹಾರ ಹೊತ್ತು ಹೊತ್ತಿಗೆ ಆಗಲಿ ಎಂದು ಅವರೇ ಸೂಚಿಸಿದರು.

ಪುರಾವೆ ಏನು ಹೇಳುತ್ತದೆ

ಒಂದು ದಿನ ತಜ್ಞರು ಕೇಳಿದರು: ನಿಮ್ಮ ಚಿಕಿತ್ಸೆಯಿಂದ ಹುಣ್ಣು ಮರಳುವುದು ತಪ್ಪುತ್ತದೆಯೇ? ನ್ಯಾಯವಾದ ಪ್ರಶ್ನೆ. ಇಪ್ಪತ್ತನೆಯ ಶತಮಾನದ ನಡುವೆ ಶಿಕಾಗೋದ ಫ್ರಾಂಜ್ ಅಲೆಗ್ಸಾಂಡರ್ ಮೊದಲಾದವರು, ಆಸರೆ ಬೇಕೆಂಬ ಬಚ್ಚಿಟ್ಟ ಹಂಬಲವೇ ಹುಣ್ಣಾಗುತ್ತದೆ ಎಂದು ವಾದಿಸಿದ್ದರು. ಆ ವಾದ ಉಳಿದಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 103 ಹುಣ್ಣಿನ ರೋಗಿಗಳ ಮೇಲೆ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧದ ಜೊತೆ ಮನೋಚಿಕಿತ್ಸೆ ಪಡೆದವರು ಔಷಧವಷ್ಟೇ ಪಡೆದವರಿಗಿಂತ ಮುಂದೆ ಹೆಚ್ಚು ಚೇತರಿಸಿಕೊಂಡಿದ್ದರು. 1988ರಲ್ಲಿ ಮ್ಯಾಂಚೆಸ್ಟರಿನ ಸಣ್ಣ ಅಧ್ಯಯನದಲ್ಲಿ, ಹುಣ್ಣು ಮಾಗಿದ 30 ಜನರಲ್ಲಿ ಸಂಮೋಹನ ಚಿಕಿತ್ಸೆ ಪಡೆದವರ ಪೈಕಿ ವರ್ಷದೊಳಗೆ ಸುಮಾರು ಅರ್ಧದಷ್ಟು ಜನರಿಗೆ ಹುಣ್ಣು ಮರಳಿತು, ಪಡೆಯದವರೆಲ್ಲರಿಗೂ ಮರಳಿತು. 1994ರಲ್ಲಿ ನಾರ್ವೆಯಲ್ಲಿ, ಯೋಚಿಸುವ ರೀತಿಯನ್ನು ತಿದ್ದುವ ಅರಿವಿನ ಚಿಕಿತ್ಸೆಯನ್ನು (ಕಾಗ್ನಿಟಿವ್ ಥೆರಪಿ) ಇದೇ ಉದ್ದೇಶಕ್ಕೆ ಪರೀಕ್ಷಿಸಿದಾಗ ಹುಣ್ಣು ಮರಳುವುದು ಕಡಿಮೆಯಾಗಲಿಲ್ಲ.

ಇವೆಲ್ಲ ಬ್ಯಾಕ್ಟೀರಿಯಾ ನಿವಾರಣೆ ಮನೆಮಾತಾಗುವ ಮೊದಲಿನ ಕೆಲಸ. ಈಗ ಬ್ಯಾಕ್ಟೀರಿಯಾ ಹೋಗಿ ನೋವಿನ ಗುಳಿಗೆ ನಿಂತರೆ ಹುಣ್ಣು ಮರಳುವುದೇ ವಿರಳ. ಹಾಗಾಗಿ ನನ್ನ ಉತ್ತರ ಇಷ್ಟಿತ್ತು: ಹುಣ್ಣನ್ನು ವಾಸಿ ಮಾಡುವುದು ನಿಮ್ಮ ಔಷಧ. ಆ ಔಷಧ 14 ದಿನ ಪೂರ್ತಿ ಹೊಟ್ಟೆಗೆ ಹೋಗುವಂತೆ, ಡೈಕ್ಲೊಫೆನಾಕ್ ಹೋಗದಂತೆ, ಮಾಗಿದ ಮೇಲೆ ಮನುಷ್ಯ ಮತ್ತೆ ಉಣ್ಣುವಂತೆ ಮಾಡುವುದು ಈ ಚಿಕಿತ್ಸೆ. ಎಂಡೋಸ್ಕೋಪಿ ಮಾಡಿಸದೆ, ಬ್ಯಾಕ್ಟೀರಿಯಾ ಪರೀಕ್ಷಿಸದೆ ಹುಣ್ಣಿನವರಿಗೆ ಬರಿಯ ಧ್ಯಾನವನ್ನೋ ಸಂಮೋಹನವನ್ನೋ ಮಾರುವವರನ್ನು ನಾನು ಒಪ್ಪುವುದಿಲ್ಲ. ಮಾತ್ರೆ ಬರೆದು ಕೊಟ್ಟು, ಅದನ್ನು ಯಾಕೆ ನುಂಗುತ್ತಿಲ್ಲ ಎಂದು ಕೇಳದೆ ಬಿಡುವುದನ್ನೂ ಒಪ್ಪುವುದಿಲ್ಲ.

ಈಗಿನ ಸ್ಥಿತಿ

ಮೊದಲು ವಾರಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ಹದಿನೈದು ದಿನಕ್ಕೊಮ್ಮೆ, ಈಗ ಬಿಡುವಾದಾಗ. ತೂಕ 51 ಕಿಲೋ, ಹಿಮೋಗ್ಲೋಬಿನ್ 11.2. ಎರಡೂ ಪ್ರಶ್ನಾವಳಿಗಳಲ್ಲಿ ಅಂಕ ಸೌಮ್ಯ ಮಟ್ಟಕ್ಕೆ ಇಳಿದಿದೆ. ಎಣ್ಣೆಗಾಯಿಯವರೆಗೆ ನಿರಾತಂಕವಾಗಿ ಉಣ್ಣುತ್ತಾರೆ. ರಂಜಕ ತಿಂದರು, ಉರಿಯಿತು, ಬೇಡವೆಂದು ಬಿಟ್ಟರು. ಭಯದಿಂದ ಬಿಟ್ಟದ್ದಲ್ಲ ಎಂಬುದು ಅವರ ಮುಖದಲ್ಲೇ ಇತ್ತು. ಮಧ್ಯಾಹ್ನ ಹನ್ನೊಂದೂವರೆಗೆ, ಗಿರಾಕಿಗಳು ಬರುವ ಮೊದಲು, ಒಂದು ರೊಟ್ಟಿ ತಿನ್ನುವ ರೂಢಿ ಬಂದಿದೆ.

ತಾಯಿಯ ನೆನಪು ಇನ್ನೂ ಬಾಧಿಸುತ್ತದೆ. ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಆದ್ದರಿಂದ ಅವರ ಭಯ ಪೂರ್ತಿ ಆಧಾರವಿಲ್ಲದ್ದು ಎಂದು ನಾನು ಹೇಳಿಲ್ಲ, ಬ್ಯಾಕ್ಟೀರಿಯಾ ತೊಲಗಿದ್ದರಿಂದ ಆ ಅಪಾಯ ತಗ್ಗಿದೆ ಎಂದು ಹೇಳಿದ್ದೇನೆ. ತಾಯಿಯ ಕೊನೆಯ ದಿನಗಳನ್ನು ಕುರಿತ ಮಾತು ಈಗಷ್ಟೇ ಶುರುವಾಗಿದೆ. ರಾತ್ರಿ ಹೊತ್ತು ಗಾಬರಿಯಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮಗಳು ಮೊಬೈಲಿನಲ್ಲಿ ಉಳಿಸಿಕೊಂಡಿದ್ದಾಳೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ನನಗೆ ಹೆಚ್ಚು ಚಿಂತೆಯಿರುವುದು ಭುಜದ ಬಗ್ಗೆ. ಜಾತ್ರೆಯ ಸಮಯದಲ್ಲಿ ಖಾನಾವಳಿಗೆ ಗಿರಾಕಿ ದುಪ್ಪಟ್ಟಾಗುತ್ತಾರೆ, ಕೂಲಿಯ ಹುಡುಗಿ ಊರಿಗೆ ಹೋಗಿರುತ್ತಾಳೆ, ಓಣಿಯ ತುದಿಯಲ್ಲಿ ಗುಳಿಗೆ ಚೀಟಿಯಿಲ್ಲದೆಯೇ ಸಿಗುತ್ತದೆ. ವೈದ್ಯರು ಸಹಿ ಮಾಡಿದ ಒಂದು ಚೀಟಿಯನ್ನು ಅಕ್ಕ ಆ ಅಂಗಡಿಯವರಿಗೆ ಕೊಟ್ಟಿದ್ದಾರೆ: ಇವರಿಗೆ ಹೊಟ್ಟೆ ಹುಣ್ಣಾಗಿ ರಕ್ತ ಹೋಗಿತ್ತು, ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಬಗೆಯ ಯಾವ ನೋವಿನ ಮಾತ್ರೆಯನ್ನೂ ಕೊಡಬೇಡಿ. ಅಂಗಡಿಯವರು ಅದನ್ನು ಗಾಜಿನ ಕಪಾಟಿನ ಒಳಬದಿಗೆ ಅಂಟಿಸಿದ್ದಾರೆ. ಮುಂದಿನ ಭೇಟಿಯನ್ನು ಜಾತ್ರೆಗೆ ಎರಡು ವಾರ ಮೊದಲು ಇಟ್ಟುಕೊಂಡಿದ್ದೇವೆ. ರೊಟ್ಟಿ ಬಡಿಯಲು ಇನ್ನೊಂದು ಕೈ ಎಲ್ಲಿಂದ ತರುವುದೆಂದು ಅಂದು ತೀರ್ಮಾನಿಸಬೇಕು.